ಕೆಳಮನೆಯ ಹಾಡು

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಎಕ್ಸ್-ರೇ ಕೋಣೆಯ ಪಕ್ಕದಲ್ಲಿ, ಮಕ್ಕಳ ಕಿವಿ ಪರೀಕ್ಷೆ ಮಾಡುವ ಹೆಂಗಸೊಬ್ಬಳು ಇಪ್ಪತ್ತಮೂರು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಮಕ್ಕಳು ಅವಳನ್ನು ಕಿವಿಯಮ್ಮ ಎನ್ನುತ್ತಿದ್ದರು. ಬರಬರುತ್ತ ಡಾಕ್ಟರೂ ಆಯಾಗಳೂ ಹಾಗೇ ಕರೆದರು. ಕೊನೆಗೆ ಅವಳ ಸ್ವಂತ ಅಣ್ಣನೂ ಅದನ್ನೇ ರೂಢಿ ಮಾಡಿಕೊಂಡ.

ಕೆಲಸ ನೋಡುವುದಕ್ಕೆ ಸರಳ. ಗೋಡೆಗೆಲ್ಲ ಮೆತ್ತೆ ಹೊದಿಸಿದ ಪುಟ್ಟ ಕೋಣೆಯಲ್ಲಿ ಮಗುವನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಡುವುದು. ತಾನು ದಪ್ಪ ಗಾಜಿನ ಈಚೆ ಕೂತು ಸಣ್ಣ ಸಣ್ಣ ಸ್ವರಗಳನ್ನು ಬಿಡುವುದು. ಕೇಳಿಸಿದ ಕೂಡಲೇ ಮಗು ಬಟನ್ ಒತ್ತಬೇಕು. ಒತ್ತಿದರೆ ಈಚೆ ಒಂದು ಹಸಿರು ದೀಪ ಹತ್ತುತ್ತದೆ. ಒಳಗಿನ ನಿಶ್ಶಬ್ದಕ್ಕೆ ಕೆಲವು ಮಕ್ಕಳು ಅಳುತ್ತಿದ್ದರು. ಕೆಲವರು ನಿದ್ದೆ ಹೋಗುತ್ತಿದ್ದರು.

ಒಂದು ಮಂಗಳವಾರ ಬೆಳಿಗ್ಗೆ ಎಂಟು ವರ್ಷದ ಹುಡುಗನೊಬ್ಬನನ್ನು ತಾಯಿ ಕರೆತಂದಳು. ತಲೆಯ ಮೇಲಿನ ಟೋಪಿ ತೆಗೆಸುವುದರೊಳಗೆ ಇಬ್ಬರು ಆಯಾಗಳು ಸುಸ್ತಾದರು. ಅವನಿಗೆ ಟೋಪಿ ಎಂದೇ ಹೆಸರು ಬಿತ್ತು.

"ಎರಡು ಮೂರು ದಿನದಿಂದ ಕೂಗಿದ್ರೆ ತಿರುಗಿ ನೋಡಲ್ಲ ಮೇಡಂ," ಎಂದಳು ತಾಯಿ. "ಹೆಸರು ಹಿಡಿದು ಕರೆದ್ರೆ ಕಲ್ಲಿನ ಥರ ಕೂತುಬಿಡ್ತಾನೆ. ಸ್ಕೂಲಲ್ಲೂ ಇದೇ ದೂರು."

ಪರೀಕ್ಷೆಯಲ್ಲಿ ಟೋಪಿಯ ಕಿವಿ ಬಂಗಾರದಂತಿತ್ತು. ಅತಿ ಮೆಲ್ಲನೆಯ ಸ್ವರಕ್ಕೂ ದೀಪ ಹತ್ತಿತು. ಕಿವಿಯಮ್ಮ ಯಂತ್ರ ಬಿಟ್ಟು ಕಾರ್ಡಿನ ಮೇಲೆ ಬರೆಯತೊಡಗಿದಳು. ಆಗ ಹಸಿರು ದೀಪ ತಾನಾಗಿ ಹತ್ತಿತು.

ಒಂದು ಸಲ. ತುಸು ಬಿಟ್ಟು ಎರಡು ಸಲ. ಮತ್ತೆ ತುಸು ಬಿಟ್ಟು ಮೂರು ಸಲ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಬಾಗಿಲ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಷ್ಟು ಹೊತ್ತು. ನಂತರ ಇನ್ನೊಂದು.

"ಏನೋ ಮರಿ, ನಾನಿನ್ನೂ ಏನೂ ಬಿಟ್ಟೇ ಇಲ್ವಲ್ಲ?" ಎಂದು ಮೈಕಿನಲ್ಲಿ ನಕ್ಕಳು.

ಗಾಜಿನ ಆಚೆಯಿಂದ ಹುಡುಗ ನೋಡಿದ. ಆ ಮುಖದಲ್ಲಿ ತುಂಟತನ ಎಳ್ಳಷ್ಟೂ ಇರಲಿಲ್ಲ. ಅವಳು ಹೆಡ್‌ಫೋನಿನ ವೈರನ್ನೇ ಯಂತ್ರದಿಂದ ಕಿತ್ತಳು. ದೀಪ ಮತ್ತೆ ಹತ್ತಿತು. ಒಂದು, ಎರಡು, ಮೂರು, ದೀರ್ಘ ಮೌನ, ಒಂದು. ಯಾಕೋ ಅದನ್ನು ಕಾರ್ಡಿನ ಹಿಂಬದಿಯಲ್ಲಿ ಗೀಟು ಗೀಟಾಗಿ ಬರೆದುಕೊಂಡಳು. ಕಿವಿಯಲ್ಲಿ ತೊಂದರೆಯೇನಿಲ್ಲ ಎಂದು ತಾಯಿಯನ್ನು ಕಳಿಸಿದಳು.

ಬುಧವಾರ ಅದೇ ಶಾಲೆಯಿಂದ ಎರಡು ಜಡೆಯ ಹುಡುಗಿಯೊಬ್ಬಳು ಬಂದಳು. ಅದೇ ದೂರು: ಕರೆದರೆ ಓಗೊಡುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಕಿವಿಯಮ್ಮ ಬೇಕೆಂತಲೇ ಕೈಕಟ್ಟಿ ಕೂತು ದೀಪವನ್ನೇ ನೋಡಿದಳು. ಅದು ಹತ್ತಿತು. ಅವಳು ನಿನ್ನೆಯ ಕಾರ್ಡು ತೆಗೆದು ಗೀಟುಗಳೊಡನೆ ತಾಳೆ ನೋಡಿದಳು. ಒಂದೂ ತಪ್ಪಿರಲಿಲ್ಲ. ಕತ್ತಿನ ಹಿಂದೆ ತಣ್ಣನೆಯ ಬೆರಳೊಂದು ಆಡಿದ ಹಾಗಾಯಿತು.

ಒಳಗೆ ಹೋಗಿ ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಏನು ಕೇಳಿಸ್ತಿದೆ ಕಂದ?" ಎಂದಳು.

"ಕೆಳಮನೆ ಹಾಡು."

"ಅಂದ್ರೆ?"

"ಹೇಳಬಾರದು. ಹೇಳಿದ್ರೆ ನಿಮಗೂ ಅಂಟ್ಕೊಳ್ಳುತ್ತೆ." ಹುಡುಗಿ ತುಟಿ ಒಳಗೆಳೆದುಕೊಂಡಳು.

ಕಿವಿಯಮ್ಮ ಅಣ್ಣ ಅತ್ತಿಗೆಯ ಜೊತೆ ನಾಲ್ಕು ಮಹಡಿಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿದ್ದಳು. ಅಣ್ಣ ಬಸ್ ರಿಪೇರಿಯವನು. ಅತ್ತಿಗೆ ಮನೆಯಲ್ಲೇ ಹೊಲಿಯುತ್ತಿದ್ದಳು. ಅವರ ಎಂಟು ವರ್ಷದ ಮಗಳಿಗೆ ಎಲ್ಲರೂ ಕರೆಯುವ ಹೆಸರು ಗುಬ್ಬಿ. ಓದುತ್ತಿದ್ದುದು ಅದೇ ಶಾಲೆಯಲ್ಲಿ, ಹೋಗಿಬರುತ್ತಿದ್ದುದು ಆ ಇಬ್ಬರೊಡನೆ ಒಂದೇ ಶಾಲಾ ವ್ಯಾನಿನಲ್ಲಿ. ಮೂರು ದಿನದಿಂದ ಅತ್ತಿಗೆ ಒಳಗಿನಿಂದ ಕೂಗಿ ಕೂಗಿ ಗಂಟಲು ಹರಿದುಕೊಂಡು, "ಇವಳಿಗೆ ಕಿವಿಯಮ್ಮನ ಹತ್ರಾನೇ ಪರೀಕ್ಷೆ ಮಾಡಿಸ್ಬೇಕು," ಎಂದು ಗೊಣಗುತ್ತಿದ್ದುದು ಅವಳಿಗೆ ಆ ಸಂಜೆ ಮೆಟ್ಟಿಲು ಹತ್ತುವಾಗ ನೆನಪಾಯಿತು.

ಗುಬ್ಬಿ ಊಟದ ಮೇಜಿನ ಹತ್ತಿರ ಕೂತು ಲೆಕ್ಕ ಮಾಡುತ್ತಿದ್ದಳು. ಕೂದಲನ್ನು ಮುಂದಕ್ಕೆ ಎಳೆದುಕೊಂಡಿದ್ದಳು. ಕಿವಿಯಮ್ಮ ಅದನ್ನು ಮೆಲ್ಲಗೆ ಸರಿಸಿದಳು. ಎರಡೂ ಕಿವಿಯಲ್ಲಿ ಹತ್ತಿ ತುರುಕಿಕೊಂಡಿದ್ದಳು.

"ಕೆಳಮನೆ ಹಾಡಾ?" ಎಂದಳು ಪಿಸುಮಾತಿನಲ್ಲಿ.

ಗುಬ್ಬಿಯ ಪೆನ್ಸಿಲ್ ನಿಂತಿತು. ಕಣ್ಣು ತುಂಬಿ ಬಂತು. ಆಮೇಲೆ ಒಂದೊಂದೇ ಮಾತು ಹೊರಬಿತ್ತು.

ವ್ಯಾನಿನಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ಹಳೆಯ ವಿಡಿಯೋ ಗೇಮಿನ ಡಬ್ಬಿಯೊಂದಿತ್ತು. ಅದರಲ್ಲಿ ಒಂದೇ ಆಟ, ಮೊಲದ್ದು. ಮೊಲ ಲಾಂದ್ರ ಹಿಡಿದು ಮನೆಯೆಲ್ಲ ತಿರುಗಿ ಬೀಗದ ಕೈ ಹುಡುಕಬೇಕು. ಮೇಲಿನ ಮಹಡಿಗಳಲ್ಲಿ ಕುಣಿಯುವಂಥ ಸಂಗೀತ. ನೆಲದಡಿಯ ಕೆಳಮನೆಗೆ ಇಳಿದರೆ ಮಾತ್ರ ಬೇರೆ ಹಾಡು. ಅಲ್ಲಿ ನಿಧಾನಕ್ಕೆ ನೀರು ತುಂಬುತ್ತದೆ.

"ಆ ಹಾಡು ಮಾಡಿದೋನು ತನ್ನ ಮನೆ ಕೆಳಗೆ ಕೂತ್ಕೊಂಡೇ ಮಾಡಿದ್ದಂತೆ. ಮೇಲಕ್ಕೆ ವಾಪಸ್ ಬರಲೇ ಇಲ್ವಂತೆ. ಮೊಲ ಅಲ್ಲಾಡದೆ ನಿಂತು ಮೂರು ಸಲ ಹಾಡು ಪೂರ್ತಿ ಕೇಳಿದ್ರೆ ಅದು ನಮ್ಮ ಜೊತೆ ಆಚೆ ಬರುತ್ತೆ. ಹೋದ ಶನಿವಾರ ನಾವು ಮೂರು ಜನ ಕೇಳಿದ್ವಿ. ಸುಮ್ನೆ ನೋಡೋಣ ಅಂತ."

"ಬಂದು ಏನು ಮಾಡುತ್ತೆ?"

"ಏಳನೇ ದಿನದೊಳಗೆ ಹೆಸರು ಹಿಡಿದು ಕರೆಯುತ್ತೆ. ನಮಗೆ ಗೊತ್ತಿರೋರ ದನೀಲೇ. ಅಮ್ಮನ ಥರ, ಟೀಚರ್ ಥರ. ಓ ಅಂದ್ಬಿಟ್ರೆ ಮುಗೀತು." ಗುಬ್ಬಿ ಮೂಗೊರೆಸಿಕೊಂಡಳು. "ಬಿಡಿಸ್ಕೊಳ್ಳೋಕೆ ಒಂದು ದಾರಿ ಇದೆ ಅತ್ತೆ. ಆದ್ರೆ..."

ಅಷ್ಟರಲ್ಲಿ ಅಣ್ಣ ಕೈ ತೊಳೆದುಕೊಂಡು ಒಳಗೆ ಬಂದ. ಈ ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು.

"ಏನದು, ಮೊಲ ಹಾಡು ಹೇಳಿ ಹೆದರಿಸ್ತಾ? ಒಂದು ಕ್ಯಾರೆಟ್ ಬಿಸಾಕು, ಬಾಯಿ ಮುಚ್ಕೊಳ್ಳುತ್ತೆ!"

ಅತ್ತಿಗೆಯೂ ಹೊಲಿಗೆ ಯಂತ್ರದ ಹಿಂದಿನಿಂದ ನಕ್ಕಳು. ಗುಬ್ಬಿ ಪುಸ್ತಕ ಮುಚ್ಚಿ ಎದ್ದುಹೋದಳು. ಆ ದಾರಿ ಯಾವುದೆಂದು ಮತ್ತೆ ಎಷ್ಟು ಕೇಳಿದರೂ ಹೇಳಲಿಲ್ಲ. ಶೂ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ ಆಟದ ಡಬ್ಬಿಯನ್ನು ಮಾತ್ರ ತಂದು ಅತ್ತೆಯ ಕೈಗಿತ್ತಳು.

ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಿವಿಯಮ್ಮ ಆ ಡಬ್ಬಿ ಹಿಡಿದು ಮೆತ್ತೆಯ ಕೋಣೆಯೊಳಗೆ ಕೂತಳು. ಕೇಳಿ ನೋಡಿ, ಏನೂ ಆಗಲಿಲ್ಲ ಎಂದು ಮಗುವಿಗೆ ಧೈರ್ಯವಾಗಿ ಹೇಳಬೇಕು ಎಂಬುದಷ್ಟೇ ಅವಳ ಎಣಿಕೆ. ಬೆರಳಿನುದ್ದದ ಪರದೆಯ ಮೇಲೆ ಮೊಲ ಮೆಟ್ಟಿಲಿಳಿಯಿತು. ಕುಣಿತದ ಸಂಗೀತ ಕತ್ತರಿಸಿದಂತೆ ನಿಂತಿತು. ಖಾಲಿ ಕೊಳಾಯಿಗೆ ಚಮಚದಿಂದ ಬಡಿದಂಥ ಒಂದು ಸ್ವರ. ಆಮೇಲೆ ಎರಡು. ಆಮೇಲೆ ಮೂರು. ನಂತರ ಆ ಮೌನ. ಅವಳ ಮೈ ಜುಮ್ಮೆಂದದ್ದು ಸ್ವರಕ್ಕಲ್ಲ, ಆ ಮೌನಕ್ಕೆ. ಹಾಡು ಮುಗಿಯಿತು ಎಂದು ಮನಸ್ಸು ನೆಮ್ಮದಿಗೆ ಬರುವಷ್ಟು ಹೊತ್ತು ಸುಮ್ಮನಿದ್ದು, ಸರಿಯಾಗಿ ಆಗಲೇ ಇನ್ನೊಂದು ಸ್ವರ ಬೀಳುತ್ತಿತ್ತು. ಮೊಲ ಅಲ್ಲಾಡದೆ ನಿಂತಿತ್ತು. ಅವಳು ಮೂರು ಸಲವೂ ಪೂರ್ತಿ ಕೇಳಿದಳು.

ಹೊರಗೆ ಬಂದಾಗ ಏನೂ ಇರಲಿಲ್ಲ. ತನ್ನ ಪೆದ್ದುತನಕ್ಕೆ ನಗು ಬಂತು. ಮೂರು ಗಂಟೆಗೆ ಲೋಟ ತೊಳೆಯುವಾಗ ನಲ್ಲಿಯ ನೀರಿನಲ್ಲಿ ಅದು ಕೇಳಿಸಿತು. ನಲ್ಲಿ ನಿಲ್ಲಿಸಿದಳು. ಫ್ಯಾನಿನಲ್ಲಿ ಕೇಳಿಸಿತು.

ಹಾಡು ತಲೆಯಲ್ಲಿ ಅಂಟಿಕೊಳ್ಳುವುದು ಹೊಸದಲ್ಲ. ನಿಶ್ಶಬ್ದದಲ್ಲಿ ಏನೋ ಬರುತ್ತದೆಂದು ಕಾದು ಕೂತವರಿಗೆ ಇಲ್ಲದ ಸದ್ದೂ ಕೇಳಿಸುತ್ತದೆಂದು ಇಪ್ಪತ್ತಮೂರು ವರ್ಷದಲ್ಲಿ ಅವಳೇ ಎಷ್ಟೋ ತಾಯಂದಿರಿಗೆ ಬಿಡಿಸಿ ಹೇಳಿದ್ದಳು. ಅಷ್ಟೆಲ್ಲ ಗೊತ್ತಿದ್ದೂ ಡಾಕ್ಟರ ಬಳಿ ಹೋಗಿ, "ಸರ್, ಒಂದ್ಸಲ ನನ್ನ ಕಿವಿ ನೋಡ್ತೀರಾ?" ಎಂದಳು. ಒಳಗೆ ಕೂತು ಬಟನ್ ಹಿಡಿದಳು. ಸ್ವರ ಕೇಳಿಸಿತು, ಒತ್ತಿದಳು. ಮತ್ತೆರಡು ಕೇಳಿಸಿತು, ಒತ್ತಿದಳು. ಗಾಜಿನ ಆಚೆ ಡಾಕ್ಟರು ತಲೆ ಎತ್ತಿದರು.

"ಅಯ್ಯೋ ತಡೀರಿ ಕಿವಿಯಮ್ಮ, ನಾನಿನ್ನೂ ಕನ್ನಡಕಾನೇ ಹಾಕ್ಕೊಂಡಿಲ್ಲ."

ಅವಳು ಬಟನ್ ಕೆಳಗಿಟ್ಟು ಎದ್ದಳು.

ಸಂಜೆ ಗುಬ್ಬಿ ಬಾಗಿಲಲ್ಲೇ ಕಾಯುತ್ತಿದ್ದಳು. "ಕೇಳಿದ್ಯಾ ಅತ್ತೆ?"

ಸುಳ್ಳು ಹೇಳಬಹುದಿತ್ತು. ಆದರೆ ಈ ಮಗುವಿಗೆ ಅವಳು ಸುಳ್ಳು ಹೇಳಿದ್ದೇ ಇಲ್ಲ. "ಕೇಳಿದೆ. ನನಗೂ ಅದು ತಲೇಲಿ ಕೂತಿದೆ. ಆದ್ರೆ ಅದು ಬರೀ ನೆನಪು ಕಣೇ. ನಾಲ್ಕು ದಿನಕ್ಕೆ ತಾನಾಗಿ ಹೋಗುತ್ತೆ."

ಗುಬ್ಬಿಗೆ ಎರಡನೆಯ ಮಾತಿನ ಆಚೆ ಏನೂ ಕೇಳಿಸಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. "ನೀನು ಯಾಕೆ ಕೇಳಿದೆ? ನಿನಗೂ ಬಂತಲ್ಲ. ಈಗ ನಿನ್ನನ್ನೂ ನಾನೇ ಬಿಡಿಸ್ಬೇಕಲ್ಲ!" ಎಂದು ಬಿಕ್ಕಿದಳು. ಕಿವಿಯಮ್ಮ ಅವಳ ತಲೆ ಸವರಿ, ಆಟದ ಡಬ್ಬಿಯನ್ನು ತನ್ನ ಕಪಾಟಿನಲ್ಲಿಟ್ಟಳು. 'ನಾನೇ ಬಿಡಿಸ್ಬೇಕು' ಎಂದರೆ ಏನೆಂದು ಕೇಳಬೇಕಿತ್ತು. ಕೇಳಲಿಲ್ಲ. ಅದಕ್ಕಾಗಿ ಆಮೇಲೆ ಬಹಳ ಪರಿತಪಿಸಿದಳು.

ಶನಿವಾರ ಶಾಲೆಗೂ ಆಸ್ಪತ್ರೆಗೂ ಅರ್ಧ ದಿನ. ವ್ಯಾನು ಒಂದು ಗಂಟೆಗೆ ಮಕ್ಕಳನ್ನು ಇಳಿಸಿತು. ಗುಬ್ಬಿ ಉಂಡಂತೆ ಮಾಡಿ, ಆಡೋಕೆ ಹೋಗ್ತೀನಿ ಎಂದು ಎದ್ದಳು. ಕಿವಿಯಮ್ಮ ಕೆಲಸ ಮುಗಿಸಿ ಬರುವಷ್ಟರಲ್ಲಿ ಎರಡೂವರೆ. ಮೂರು ಗಂಟೆಗೆ, ಅದೇ ಆವರಣದ ಎದುರು ಕಟ್ಟಡಕ್ಕೆ ಹೊಸದಾಗಿ ಬಂದಿದ್ದ ಟೋಪಿಯ ತಾಯಿ ಏದುಸಿರು ಬಿಡುತ್ತ ಬಂದಳು.

"ನಮ್ಮೋನು ಇಲ್ಲಿದ್ದಾನಾ? ನಮ್ಮ ಮೇಲಿನ ಮನೆ ಎರಡು ಜಡೆ ಹುಡುಗೀನೂ ಕಾಣ್ತಿಲ್ಲ."

ಕಿವಿಯಮ್ಮ ಕಪಾಟು ತೆರೆದಳು. ಡಬ್ಬಿ ಇರಲಿಲ್ಲ.

ಅಣ್ಣ ಸ್ಕೂಟರ್ ಹತ್ತಿ ಆಟದ ಬಯಲಿನ ಕಡೆ ಹೋದ. ಅತ್ತಿಗೆ ಕೊರಳಲ್ಲಿದ್ದ ಅಳತೆ ಪಟ್ಟಿಯನ್ನೂ ತೆಗೆಯದೆ ಅಂಗಡಿ ಸಾಲಿಗೆ ಓಡಿದಳು. ಗೇಟಿನ ಬಳಿಯ ವಾಚ್‌ಮನ್ ತಾತ, "ಗೇಟು ದಾಟಿಲ್ಲಮ್ಮ, ನಾನು ಆಗಿಂದ ಇಲ್ಲೇ ಕೂತಿದ್ದೀನಿ," ಎಂದು ಆಣೆ ಮಾಡಿದ. ಕಿವಿಯಮ್ಮ ತಾರಸಿ ಹುಡುಕಿದಳು. ಪ್ರತಿ ಮಹಡಿಯಲ್ಲಿ ನಿಂತು, "ಗುಬ್ಬೀ! ಗುಬ್ಬೀ!" ಎಂದು ಕೂಗುತ್ತ ಇಳಿದಳು. ಎಲ್ಲೂ ಓ ಎನ್ನಲಿಲ್ಲ.

ಮೆಟ್ಟಿಲುಗಳ ಬುಡದಲ್ಲಿ ಬಂದು ನಿಂತಾಗ ಅದು ಕೇಳಿಸಿತು. ಒಂದು. ಎರಡು. ಮೂರು. ಮೌನ. ಒಂದು.

ಎರಡು ದಿನದಿಂದ ಅವಳಿಗೆ ಎಲ್ಲೆಲ್ಲೂ ಕೇಳಿಸುತ್ತಿದ್ದುದು ಅದೇ. ಈ ಹೊತ್ತಿನಲ್ಲೂ ತಲೆ ಹೀಗೆ ಆಟವಾಡುತ್ತಿದೆಯಲ್ಲ ಎಂದು ಅವಳಿಗೆ ತನ್ನ ಮೇಲೇ ರೋಸಿಹೋಯಿತು. ಮೆಟ್ಟಿಲ ಮೇಲೆ ಕೂತು, ಎರಡೂ ಕಿವಿಗೆ ಅಂಗೈ ಒತ್ತಿ ಹಿಡಿದಳು.

ಸದ್ದು ಕುಗ್ಗಿತು.

ಅವಳು ಅಲುಗಾಡದೆ ಕೂತಳು. ತಲೆಯೊಳಗಿನ ಸದ್ದು ಕಿವಿ ಮುಚ್ಚಿದರೆ ಕುಗ್ಗುವುದಿಲ್ಲ. ಹೊರಗಿನ ಗಲಾಟೆ ಕಡಿಮೆಯಾಗಿ ಇನ್ನೂ ಎದ್ದು ಕೇಳುತ್ತದೆ. ಕೈ ತೆಗೆದಳು, ಜೋರಾಯಿತು. ಮುಚ್ಚಿದಳು, ಕುಗ್ಗಿತು. ಮೂರು ಸಲ ಹಾಗೆ ಮಾಡಿದಳು. ಈ ಸದ್ದು ಹೊರಗಿತ್ತು. ಗೋಡೆಗುಂಟ ಮೇಲಕ್ಕೆ ಹೋಗುವ ನೀರಿನ ಪೈಪಿಗೆ ಕಿವಿ ಹಚ್ಚಿದಳು. ಕಬ್ಬಿಣದೊಳಗಿಂದ ಯಾರೋ ಅವಳ ಕಿವಿಗೇ ನೇರ ಬಡಿದಂತಿತ್ತು.

ಪೈಪು ನೆಲದಡಿಯ ನೀರಿನ ಕೋಣೆಯಿಂದ ಬರುತ್ತಿತ್ತು. ಅದರ ಕಬ್ಬಿಣದ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು.

"ತಾತಾ! ಈ ಬಾಗಿಲು ಯಾರು ಹಾಕಿದ್ದು?"

"ನಾನೇ ಅಮ್ಮ. ಒಂದೂವರೇಲಿ ತೆರೆದಿತ್ತು, ನಾಯಿ ನುಗ್ಗುತ್ತೆ ಅಂತ ಚಿಲಕ ಹಾಕ್ದೆ. ಆಮೇಲೆ ತೊಟ್ಟಿಗೆ ನೀರು ಬಿಟ್ಟೆ, ನಿಲ್ಲಿಸೋದು ಮರೆತೇಬಿಟ್ಟೆ..." ಎನ್ನುತ್ತಲೇ ತಾತ ಬಾಗಿಲ ಕಡೆ ಓಡಿದ.

ಚಿಲಕ ಎಳೆದಾಗ ನೀರು ಧುಮುಕುವ ಭೋರೆಂಬ ಸದ್ದು ಮುಖಕ್ಕೆ ರಾಚಿತು. ಒಳಗಿನ ಮೆಟ್ಟಿಲುಗಳು ಕೆಳಗಿಳಿದು ಕಪ್ಪು ನೀರಿನಲ್ಲಿ ಮುಳುಗಿದ್ದವು. ದೂರದ ಮೂಲೆಯಲ್ಲಿ, ಪಂಪು ಕೂರಿಸಿದ ಸಿಮೆಂಟು ಕಟ್ಟೆಯ ಮೇಲೆ, ಮೂವರೂ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದರು. ನೀರು ಸೊಂಟದವರೆಗೆ ಬಂದಿತ್ತು. ಗುಬ್ಬಿಯ ಕೈಯಲ್ಲಿ ಸ್ಟೀಲಿನ ನೀರಿನ ಬಾಟಲಿ. ಅದರಿಂದಲೇ ಪೈಪಿಗೆ ಬಡಿಯುತ್ತಿದ್ದಳು. ಅವರ ಮುಂದೆ ನೀರಡಿಯಲ್ಲಿ ಎಲ್ಲೋ ನೆಲದ ತೊಟ್ಟಿಯ ಬಾಯಿ ತೆರೆದುಕೊಂಡಿತ್ತು. ಅದರ ಮುಚ್ಚಳ ಪಕ್ಕದ ಗೋಡೆಗೆ ಒರಗಿ ಅರ್ಧ ಮುಳುಗಿತ್ತು. ಆ ತೊಟ್ಟಿ ಎರಡಾಳು ಆಳ.

"ಗುಬ್ಬೀ!"

ಗುಬ್ಬಿ ಬಾಟಲಿ ಕೈಬಿಟ್ಟಳು. "ಓ ಅನ್ಬೇಡಿ!" ಎಂದು ಚೀರಿದಳು. "ಅದು ಅತ್ತೆ ಅಲ್ಲ! ಮೇಲಿಂದಾನೂ ಅದೇ ಕೂಗ್ತಿತ್ತು. ಬಾಗಿಲು ಹಾಕಿದ್ದೂ ಅದೇ!" ಟೋಪಿ ಅಳುತ್ತ ಕಟ್ಟೆಯಿಂದ ಒಂದು ಕಾಲು ಕೆಳಗಿಳಿಸಿದ. ದೂರ ಓಡಬೇಕೆಂದು ನೋಡುತ್ತಿದ್ದ. ಅವನು ಕಾಲಿಡಲು ಹೊರಟಿದ್ದ ಕಡೆಯೇ ತೊಟ್ಟಿಯ ಬಾಯಿ.

ತಾನು ಒಂದು ಹೆಜ್ಜೆ ಮುಂದಿಟ್ಟರೆ ಈ ಮಕ್ಕಳು ತನಗೆ ಹೆದರಿಯೇ ಸಾಯುತ್ತಾರೆ ಎಂದು ಕಿವಿಯಮ್ಮನಿಗೆ ಹೊಳೆಯಿತು. ಅವಳು ನಿಂತಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಸರಿ, ಹೆಸರು ಹಿಡಿದು ಕರೆಯಲ್ಲ," ಎಂದಳು, ಆಸ್ಪತ್ರೆಯ ಗಾಜಿನ ಹಿಂದಿನಿಂದ ಮಾತಾಡುವ ದನಿಯಲ್ಲಿ. "ನೀವ್ಯಾರೂ ಓ ಅನ್ನೋದೂ ಬೇಡ. ಟೋಪಿ ಮರಿ, ಕಾಲು ಮೇಲಿಡು. ನಿನ್ನ ಟೋಪಿ ತೆಗೆಸೋಕೆ ಇಬ್ಬರು ಆಯಾ ಬೇಕಾಯ್ತಲ್ಲ, ಅದನ್ನ ಆ ಹಾಡಿಗೆ ಯಾರು ಹೇಳಿರ್ತಾರೆ?"

ಹುಡುಗ ಕಾಲು ಮೇಲಿಟ್ಟ. ಕಿವಿಯಮ್ಮ ತಾತನಿಗೆ ನೀರು ನಿಲ್ಲಿಸಲು ಸನ್ನೆ ಮಾಡಿ, ಅವನ ಕೋಲು ತೆಗೆದುಕೊಂಡು ನೀರಿಗಿಳಿದಳು. ಕೋಲಿನಿಂದ ನೆಲ ತಡಕುತ್ತ ಹೋದಳು. ಒಂದು ಕಡೆ ಕೋಲು ತಳ ಸಿಗದೆ ಸರ್ರನೆ ಕೆಳಗಿಳಿಯಿತು. ಉಸಿರು ಬಿಗಿಹಿಡಿದು ಅದರ ಅಂಚನ್ನೇ ಬಳಸಿ ಮುಂದೆ ಹೋದಳು. ಕಟ್ಟೆಗೆ ಒಂದು ಮಾರು ದೂರದಲ್ಲಿ ಗುಬ್ಬಿ ಮತ್ತೆ ಹಿಂದೆ ಸರಿದಳು. ಕಿವಿಯಮ್ಮ ನಿಂತು ಕೈಯಷ್ಟೇ ಚಾಚಿದಳು.

ಅಷ್ಟರಲ್ಲಿ ನೀರಿನ ಭೋರ್ಗರೆತ ನಿಂತಿತು. ಕೋಣೆ ಬಾವಿಯ ಹಾಗೆ ಸ್ತಬ್ಧವಾಯಿತು. ಆ ನಿಶ್ಶಬ್ದದಲ್ಲಿ ಹಾಡು ಬಂತು. ಅವಳಿಗೂ ಬಂತು, ಮಕ್ಕಳಿಗೂ ಬಂತು ಎಂಬುದು ಅವರ ಕಣ್ಣಲ್ಲೇ ಗೊತ್ತಾಯಿತು.

"ಈಗ ಕೇಳಿಸ್ತಿದೆ ಅಲ್ವಾ? ನನಗೂ ಕೇಳಿಸ್ತಿದೆ. ಒಂದು ಪರೀಕ್ಷೆ ಮಾಡೋಣ. ನನ್ನ ಬೆರಳು ಹಿಡ್ಕೋ. ಹಾಡಿನ ಮೊದಲನೇ ಸ್ವರ ಬಂದ ಕೂಡಲೇ ಒತ್ತು. ನನಗೆ ಬಂದಾಗ ನಾನು ಒತ್ತುತ್ತೀನಿ. ಹಾಡು ಒಂದೇ ಆಗಿದ್ರೆ ಇಬ್ಬರೂ ಒಟ್ಟಿಗೆ ಒತ್ತಬೇಕು."

ಬಹಳ ಹೊತ್ತಿನ ಮೇಲೆ ಮಂಜಿನಂಥ ಪುಟ್ಟ ಕೈಯೊಂದು ಅವಳ ಬೆರಳು ಹಿಡಿಯಿತು. ಅವಳು ಕಾದಳು. ಇಬ್ಬರೂ ಒಟ್ಟಿಗೆ ಒತ್ತಿಬಿಟ್ಟರೆ ಏನು ಗತಿ ಎಂಬ ಭಯ ಅವಳನ್ನೂ ಹಿಂಡುತ್ತಿತ್ತು. ಕೈ ಎಳೆದುಕೊಂಡುಬಿಡಲೇ ಎನ್ನಿಸಿತು. ಗುಬ್ಬಿ ಒತ್ತಿದಳು. ಕಿವಿಯಮ್ಮನಿಗೆ ಆಗ ಆ ದೀರ್ಘ ಮೌನ ನಡೆದಿತ್ತು. ಎಷ್ಟೋ ಹೊತ್ತಿನ ಮೇಲೆ ಅವಳು ಒತ್ತಿದಳು.

ಗುಬ್ಬಿ ಹುಬ್ಬು ಗಂಟಿಕ್ಕಿದಳು. "ನಂದು ಆಗಲೇ ಮೂರಕ್ಕೆ ಬಂದಿದೆ."

"ನಂದು ಈಗ ಶುರುವಾಯ್ತು. ಟೋಪಿ, ನಿಂದು?"

"ನಂದು... ನಂದು ನಿಂತೇ ಹೋಯ್ತು," ಎಂದು ಹುಡುಗ ಬಿಕ್ಕುತ್ತಲೇ ಹೇಳಿದ. ಎರಡು ಜಡೆಯವಳದು ಎರಡರಲ್ಲಿತ್ತು.

"ನೋಡಿದ್ರಾ? ಆಚೆಯಿಂದ ಬರೋ ಸದ್ದಾಗಿದ್ರೆ ನಾಲ್ಕು ಜನಕ್ಕೂ ಒಟ್ಟಿಗೆ ಕೇಳಿಸ್ಬೇಕಿತ್ತು. ನಿಮ್ಮ ನಿಮ್ಮ ತಲೇಲಿ ನಿಮ್ಮ ನಿಮ್ಮ ಹಾಡು. ಇಲ್ಲಿ ನಮ್ಮನ್ನ ಬಿಟ್ಟು ಬೇರೆ ಯಾರೂ ಇಲ್ಲ."

ಗುಬ್ಬಿ ಅವಳ ಮುಖವನ್ನು ಹತ್ತಿರದಿಂದ ನೋಡಿದಳು. ಆಮೇಲೆ ಒಮ್ಮೆಲೇ ಕೊರಳಿಗೆ ಬಿದ್ದಳು. ಕಿವಿಯಮ್ಮ ಒಬ್ಬೊಬ್ಬರನ್ನೇ ಸೊಂಟಕ್ಕೆ ಕಟ್ಟಿಕೊಂಡಂತೆ ಹಿಡಿದು, ತೊಟ್ಟಿಯ ಅಂಚು ಬಳಸಿ ಮೂರು ಸಲ ಹೋಗಿ ಬಂದಳು. ಮೂರನೆಯ ಸಲ ತಾತನೂ ನೀರಿಗಿಳಿದು ಅಳುತ್ತ ಕೈ ಕೊಟ್ಟ.

ಗುಬ್ಬಿ ಅಂದು ಹೇಳದೆ ಬಿಟ್ಟ ದಾರಿ ಇದೇ ಆಗಿತ್ತು: ಏಳನೇ ದಿನ, ನೆಲದ ಕೆಳಗೆ ನೀರಿರುವ ಕಡೆ ಹೋಗಿ, ಆಟದ ಡಬ್ಬಿಯನ್ನು ನೀರಿಗೆ ಬಿಟ್ಟು, ಕಣ್ಣು ಮುಚ್ಚಿ ಮಾತಿಲ್ಲದೆ ನಿಲ್ಲಬೇಕು. ತೊಟ್ಟಿಯ ಮುಚ್ಚಳ ಎತ್ತಿದ್ದು ಮೂವರೂ ಸೇರಿ. ಹಿಂದೆ ಚಿಲಕ ಬಿದ್ದ ಸದ್ದಿಗೆ ಅವರು ಕಿರುಚಲೂ ಇಲ್ಲ. ಹಾಡೇ ಬಾಗಿಲು ಹಾಕಿತೆಂದು ಆ ಬಾಗಿಲಿನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಹೋಗಿ ನಿಂತರು. ನೀರು ಸೊಂಟಕ್ಕೆ ಬಂದಾಗ ಗುಬ್ಬಿ ಪೈಪಿಗೆ ಬಡಿದಳು.

"ಹಾಡಿನ ಥರಾನೇ ಯಾಕೆ ಬಡಿದೆ ಪುಟ್ಟಾ?" ಎಂದು ಅಣ್ಣ ಅವಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಕೇಳಿದ.

"ಸುಮ್ನೆ ಬಡಿದ್ರೆ ಯಾರೋ ರಿಪೇರಿ ಮಾಡ್ತಿದ್ದಾರೆ ಅಂದ್ಕೋತಾರೆ. ಅತ್ತೆಗೆ ಈ ಹಾಡು ಗೊತ್ತಲ್ಲ."

ಅಣ್ಣ ಮರುದಿನವೇ ಆ ಚಿಲಕವನ್ನು ಕತ್ತರಿಸಿ ತೆಗೆದು, ಒಳಗಿನಿಂದಲೂ ತೆರೆಯಬಲ್ಲ ಬೀಗ ಹಾಕಿದ. ತೊಟ್ಟಿಯ ಬಾಯಿಗೆ ಕಬ್ಬಿಣದ ಜಾಲರಿ ಬೆಸೆದ. ಮೊಲದ ಹೆಸರೆತ್ತಿ ಮತ್ತೆಂದೂ ನಗಲಿಲ್ಲ. ವಾಚ್‌ಮನ್ ತಾತ ಬಹಳ ದಿನ ಗುಬ್ಬಿಯ ಮುಖ ನೋಡಲಾರದೆ ತಲೆ ತಗ್ಗಿಸಿಯೇ ಗೇಟು ತೆರೆಯುತ್ತಿದ್ದ. ಕಿವಿಯಮ್ಮ ಶಾಲೆಗೆ ಹೋಗಿ ಮೂರು ತರಗತಿಗಳಲ್ಲಿ ಬೆರಳು ಒತ್ತುವ ಪರೀಕ್ಷೆಯನ್ನು ಮಾಡಿ ತೋರಿಸಿದಳು. ಮಕ್ಕಳು ನಕ್ಕರು. ವ್ಯಾನಿನಲ್ಲಿ ಮಾತ್ರ ಕಥೆ ಹೋಗಲಿಲ್ಲ, ಬೆಳೆಯಿತು. ಕೆಳಮನೆಯ ನೀರಿನಿಂದ ಒಬ್ಬ ಅತ್ತೆ ಎದ್ದು ಬಂದು ಮೂರು ಮಕ್ಕಳ ಬೆರಳು ಹಿಡಿದಳಂತೆ ಎಂದು ಸಣ್ಣ ತರಗತಿಯವರು ಹೇಳುತ್ತಾರೆಂದು ಗುಬ್ಬಿಯೇ ಒಂದು ದಿನ ಬಂದು ವರದಿ ಒಪ್ಪಿಸಿದಳು.

ಗುಬ್ಬಿಗೆ ಈಗ ಹದಿಮೂರು ವರ್ಷ. ಮಹಾ ಮಾತುಗಾತಿ, ಯಾವುದಕ್ಕೂ ಹೆದರುವವಳಲ್ಲ. ಆದರೂ ಇನ್ನೊಂದು ಕೋಣೆಯಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಅವಳು ಓ ಎನ್ನುವುದಿಲ್ಲ. ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ಬರುತ್ತಾಳೆ. ಬಾಗಿಲಲ್ಲಿ ನಿಂತು ಕರೆದವರ ಮುಖವನ್ನು ಒಮ್ಮೆ ಸರಿಯಾಗಿ ನೋಡಿ, ಆಮೇಲೆ, "ಏನು?" ಎನ್ನುತ್ತಾಳೆ. ಮನೆಯವರು ಅವಳು ಬರುವವರೆಗೆ ಕಾಯುತ್ತಾರೆ.